ಪೂನಮಳ ಮುಚ್ಚಿದ ಬಾಯಿ

ಖಾನಾಪುರದ ಸ್ಟೇಷನ್ ರಸ್ತೆಯಲ್ಲಿ ಬೋರ್ಡು ಬರೆಯುತ್ತಿದ್ದ ಗೌಸಸಾಬ ಹೋದ ತಿಂಗಳು ತೀರಿಕೊಂಡ. ಬೆಳಗಾವಿಯಲ್ಲಿ ಯಾವ ನಾಟಕ ಕಂಪನಿ ಟೆಂಟು ಹಾಕಿದರೂ ಬಾಗಿಲ ಮೇಲಿನ ಮುಖಗಳು ಅವನ ಕೈಯವೇ. ನಟಿ ಪೂನಮಳನ್ನು ಜನ ಮೊದಲು ಕಂಡದ್ದು ಅವನ ಬಣ್ಣದಲ್ಲಿ: ಕೈಯಲ್ಲಿ ತಂಬೂರಿ, ಹಾಡಲು ತೆರೆದ ತುಂಬು ಬಾಯಿ. ಅದನ್ನು ನೋಡಿಯೇ ನಂದಗಡ, ಗುಂಜಿಯ ಜನ ‘ಹಾಡೋ ಪೂನಮ’ ಎಂದು ಟೆಂಪೊ ಮಾಡಿಕೊಂಡು ಬರುತ್ತಿದ್ದರು.

ಪೂನಮ ಹಾಡುತ್ತಿರಲಿಲ್ಲ. ಪರದೆಯ ಹಿಂದೆ ಕುಳಿತು ಹಾಡುತ್ತಿದ್ದವಳು ಗೌಸಸಾಬನ ತಂಗಿ ಮುನವ್ವರಾ. ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ ಅವಳು ಗಂಟಲ ಬೇನೆಯಿಂದ ಸತ್ತಳು. ಹಾಡು ಮಾತ್ರ ನಿಲ್ಲಲಿಲ್ಲ. ಕಂಪನಿಯವರು ಅವಳ ದನಿಯನ್ನು ಮೊದಲೇ ಒಂದು ಕ್ಯಾಸೆಟ್ಟಿಗೆ ತುಂಬಿಕೊಂಡಿದ್ದರು. ದಿನಾ ಸಂಜೆ ಸತ್ತ ತಂಗಿ ಹಾಡುತ್ತಿದ್ದಳು, ಪೂನಮ ತುಟಿ ಅಲ್ಲಾಡಿಸುತ್ತಿದ್ದಳು, ಜನ ಚಪ್ಪಾಳೆ ತಟ್ಟುತ್ತಿದ್ದರು.

ಹೊಸ ಬೋರ್ಡು ಬರೆಸಲು ಕಂಪನಿಯ ಮಾಲೀಕ ಉಳವಪ್ಪ ಬಂದಾಗ ಗೌಸಸಾಬ ಕೇಳಿದ್ದು ಒಂದೇ.

“ಒಂದ್ ಮೂಲ್ಯಾಗ ನಮ್ಮ ಮುನವ್ವರಾನ ಮಾರಿ ಬರೀತೇನ್ರೀ.”

“ಹಿಂದ ಕುಂತಾಕಿ ಮಾರಿ ನೋಡಾಕ ಯಾರ ತಿಕೀಟ ತಗೀತಾರೋ ಸಾಬಾ?” ಉಳವಪ್ಪ ನಕ್ಕ. “ಸತ್ತಾಕಿಗಿ ಬಣ್ಣ ಯಾಕ ಹಾಳ ಮಾಡ್ತಿ.”

ಗೌಸಸಾಬನೂ ನಕ್ಕ. ಅಷ್ಟು ದೊಡ್ಡ ಮುಖ ಅವನ ಅಂಗಡಿಯಲ್ಲಿ ಹಿಡಿಸುತ್ತಿರಲಿಲ್ಲ. ತುಂಡು ತುಂಡಾಗಿ ಬರೆದು ಟೆಂಟಿನ ಮುಂದೆ ಜೋಡಿಸುವುದು ರೂಢಿ. ಉಳವಪ್ಪ ಕಣ್ಣಿನ ತುಂಡು ನೋಡಿ ಮೆಚ್ಚಿ ಹೋದ. ಬೆಳಗಾವಿಯಲ್ಲಿ ಬೋರ್ಡು ಎದ್ದು ನಿಂತಾಗ ಪೂನಮಳ ಬಾಯಿ ಮುಚ್ಚಿತ್ತು, ಹೊಲಿದು ಬಿಟ್ಟಂತೆ.

ಅಂದು ಒಳಗೆ ಹಾಡು ಶುರುವಾದಾಗ, ಬೋರ್ಡಿನ ಮುಚ್ಚಿದ ಬಾಯಿ ನೋಡಿ ಬಂದಿದ್ದ ಮುಂದಿನ ಸಾಲಿನವನೊಬ್ಬ, “ಬಾಯಿ ನೋಡ್ರೋ, ಹಾಡು ಮುಂದ, ತುಟಿ ಹಿಂದ,” ಅಂದ. ಆಮೇಲೆ ಇಡೀ ಟೆಂಟು ಅವಳ ತುಟಿಯನ್ನಷ್ಟೇ ನೋಡಿತು. ಸಿಳ್ಳೆ ನಿಲ್ಲಲಿಲ್ಲ.

ಮರುದಿನ ಉಳವಪ್ಪ ಅಂಗಡಿಗೆ ಓಡಿ ಬಂದ. “ಬೋರ್ಡಿನ್ಯಾಗ ಅಕಿ ಬಾಯಿ ತಗಿಯೋ ಮಾರಾಯಾ, ಮೊದಲಿನಂಗ ಹಾಡೂಹಂಗ ಬರಿ.”

“ಕ್ಯಾಸೆಟ್ ಕೊಡ್ರಿ, ತಗೀತೇನಿ.”

“ಒಯ್ಯಿ. ಹುಬ್ಬಳ್ಳಿಯಿಂದ ಹೊಸಾ ಹುಡುಗಿ ಬಂದಾಳ. ದನಿಗೇನ ಬರಗಾಲ ಬಿದ್ದೈತಿ?”

ಗೌಸಸಾಬ ಮಾತಿಗೆ ತಪ್ಪಲಿಲ್ಲ. ಏಣಿ ಹತ್ತಿ, ಜೀವಮಾನದಲ್ಲೇ ಬರೆಯದಷ್ಟು ಚಂದದ ಬಾಯಿ ಬರೆದ. ನೋಡಿದವರ ಕಿವಿಗೆ ಹಳೆಯ ಹಾಡು ತಾನಾಗಿ ಬರುತ್ತಿತ್ತು. ರವಿವಾರ ಟೆಂಟು ತುಂಬಿ ತುಳುಕಿತು. ಪೂನಮ ಬಾಯಿ ತೆರೆದಾಗ ಯಾರದೋ ತೆಳು ದನಿ ಬಂತು. ಜನ ಕುರ್ಚಿ ಮುರಿದರು. ಹಂಗಾಮು ಮುಗಿಯುವ ಮೊದಲೇ ಕಂಪನಿ ಗೂಟ ಕಿತ್ತಿತು.

ಆ ರವಿವಾರ ಟೆಂಟಿನ ಎದುರಿನ ಚಹದಂಗಡಿಯಲ್ಲಿ ಕೂತು ಗೌಸಸಾಬ ಗದ್ದಲವನ್ನು ಕೊನೆಯವರೆಗೂ ಕೇಳಿದ. ಮನೆಗೆ ಬಂದು ಕ್ಯಾಸೆಟ್ಟಿನ ಪಟ್ಟಿ ಎಳೆದೆಳೆದು ಒಲೆಗೆ ಹಾಕತೊಡಗಿದ. ಹೆಂಡತಿ ಶಗುಫ್ತಾ ಕೈ ಹಿಡಿದಳು.

“ಒಮ್ಮೆರೆ ಕೇಳ್ರಿ. ಅಕೀದು ಅದೊಂದ ಉಳದೈತಿ.”

“ಕೇಳಿದ್ರ ಅಳ್ತೇನಿ. ಅತ್ತರ ಅವರನ್ನ ಮಾಫ್ ಮಾಡಿಬಿಡ್ತೇನಿ.”

ಉಳಿದ ಪಟ್ಟಿಯನ್ನೂ ಹಾಕಿದ. ಸಾಯುವವರೆಗೂ ಮಾಫ್ ಮಾಡಲಿಲ್ಲ. ಮಾಡೆಂದು ಗೆಳೆಯರು ಯಾರೂ ಹೇಳಲಿಲ್ಲ.