ದತ್ತಪ್ಪ ವಾಪಸ್ ಕೇಳಿದ ನಡಿಗೆ

ಭೀಮಾ ದಂಡೆಯ ಮಣ್ಣೂರಿಗೆ ಹೋಗಿ ದತ್ತಪ್ಪ ಮಾಸ್ತರ ಎಲ್ಲಿ ಎಂದು ಕೇಳಿ ನೋಡಿ, ಯಾರೂ ನಿಮಗೆ ಸಾಲಿಯ ದಾರಿ ತೋರಿಸುವುದಿಲ್ಲ. ದತ್ತಪ್ಪ ಸಾಲಿಯ ಕಟ್ಟೆ ಹತ್ತಿದವನೇ ಅಲ್ಲ. ಅವನು ಬಯಲಾಟದ ಮಾಸ್ತರ. ಹೊಳೆಯ ಆಚೆ ಈಚೆ ಯಾವ ಊರಿನಲ್ಲಿ ಆಟ ಕಟ್ಟಿದರೂ ಅವನಿಗೆ ಕರೆ ಬರುತ್ತದೆ. ಉಳಿದ ದಿನಗಳಲ್ಲಿ ಅವನಿಗಿರುವುದು ತುಂಡು ಹೊಲ, ಒಂದು ಎಮ್ಮೆ, ಹೆಂಡತಿ ಗಂಗಾಬಾಯಿಯ ಬಾಯಿ.

ಮಾತು ಮತ್ತು ಹಾಡು ಕಲಿಸಲು ಬೇರೆಯವರಿದ್ದಾರೆ. ದತ್ತಪ್ಪ ಕಲಿಸುವುದು ನಡಿಗೆ. "ಮಾರಿಗೆ ಬಣ್ಣ ಬಳೀಬಹುದು, ಕಾಲಿಗೆ ಬಣ್ಣ ಹತ್ತಂಗಿಲ್ಲ" ಎನ್ನುವುದು ಅವನ ಮಾತು. ಯಾವ ಪಾತ್ರ ಬಂದರೂ ಅದರ ನಡಿಗೆಯನ್ನು ಅವನು ಕಣ್ಣಿಗೆ ಬಿದ್ದ ಜೀವದಿಂದಲೇ ತರುತ್ತಾನೆ. ಕಳ್ಳನ ಹೆಜ್ಜೆಯನ್ನು ಹಾಲಿನ ಗಡಿಗೆಗೆ ಬರುವ ಬೆಕ್ಕಿನಿಂದ ತಂದ. ರಾಜನ ಹೆಜ್ಜೆ ಬಂದದ್ದು ಅತನೂರಿನ ಒಂದು ಹೋರಿಯಿಂದ. ರಾಣಿಯ ಹೆಜ್ಜೆ ಮಾತ್ರ ಮನೆಯದೇ, ಹೊಳೆಯಿಂದ ಕೊಡ ಹೊತ್ತು ಏರು ಹತ್ತಿ ಬರುವ ಗಂಗಾಬಾಯಿಯದು.

"ಹಿಂದ ನಿಂತು ನೋಡಿ ನೋಡಿ ರಾಣಿ ಮಾಡಿದ್ರಿ," ಎಂದು ಗಂಗಾಬಾಯಿ ಮಂದಿಯ ಎದುರೇ ಹೇಳುತ್ತಿದ್ದಳು. "ಮುಂದ ಬಂದು ಒಂದಿನ ಕೊಡ ಇಳಿಸಿಕೊಳ್ಳಲಿಲ್ಲ."

ಇಂಥ ದತ್ತಪ್ಪನ ಮನೆ ಮುಂದೆ ಒಂದು ದಿನ, ದೀಪಾವಳಿ ಮುಗಿದ ಮೇಲೆ, ಒಂದು ಜೀಪು ಬಂದು ನಿಂತಿತು. ಇಳಿದವನು ಜೇವರ್ಗಿಯ ಸಂಜುಕುಮಾರ. ಅವನ ಜೊತೆ ಪಲ್ಲವಿ ಎಂಬ ಇಂಜಿನಿಯರ್ ಹುಡುಗಿ, ಆಳಂದ ಕಡೆಯ ಕಿಣ್ಣಿ ಸುಲ್ತಾನ ಎಂಬ ಊರಿನವಳು. ಸೈನ್ಯಕ್ಕಾಗಿ ನಡೆಯುವ ಒಂದು ಸಂಶೋಧನೆಯನ್ನು ಹೈದರಾಬಾದಿನ ದೊಡ್ಡ ಕಂಪನಿಯೊಂದು ಗುತ್ತಿಗೆ ಹಿಡಿದಿತ್ತು. ಅದರಲ್ಲಿ ಚಿತ್ರ ತೆಗೆದುಕೊಡುವ ತುಂಡು ಕೆಲಸ ಸಂಜುಕುಮಾರನ ಪಾಲಿಗೆ ಬಂದಿತ್ತು. ಆಕಾಶದಲ್ಲಿ ಹಾರುವ ಡ್ರೋನು ಕೆಳಗಿನ ಮನುಷ್ಯನನ್ನು ನೋಡಿ, ಇವನು ದುಶ್ಮನ್ ಹೌದೋ ಅಲ್ಲವೋ ಎಂದು ತಾನೇ ಹೇಳಬೇಕು. ಹಾಗೆ ಹೇಳಲು ಅದಕ್ಕೆ ಮೊದಲು ಕಲಿಸಬೇಕು. ಕಲಿಸಬೇಕಾದರೆ ದುಶ್ಮನ್ ಆಗಿ ನಡೆದು ತೋರಿಸುವವರು ಬೇಕು.

"ಅಂದ್ರ ನಿಮ್ಮ ಯಂತ್ರಕ್ಕ ಮಾಸ್ತರ ಬೇಕಾಗ್ಯಾನ," ಎಂದ ದತ್ತಪ್ಪ.

"ಬರಾಬರಿ ಹೇಳಿದ್ರಿ," ಎಂದ ಸಂಜುಕುಮಾರ. "ಖರೇ ದುಶ್ಮನ್ ಚಿತ್ರಕ್ಕ ಬರಂಗಿಲ್ಲ. ಅದಕ ನಿಮ್ಮ ಹಂತ್ಯಾಕ ಬಂದೇವಿ."

ಆಟದ ಮೇಳದವರೆಲ್ಲ ಬೇವಿನ ಗಿಡದ ಕೆಳಗೆ ಸೇರಿದರು. ತೊಗರಿಗೆ ಕೀಟದ ಎಣ್ಣೆ ಹೊಡೆಯುವ ಡ್ರೋನು ನೋಡಿದ ಊರು ಅದು, ಯಾರೂ ಬೆರಗಾಗಲಿಲ್ಲ. ಪಲ್ಲವಿ ಕೆಲಸದ ಕಟ್ಟಳೆಗಳನ್ನು ಒಂದೊಂದಾಗಿ ಹೇಳಿದಳು. ಬಂದೂಕು ಕಟ್ಟಿಗೆಯದು, ಭಯ ಬೇಡ. ಮುಖ ಕಾಣುವುದಿಲ್ಲ, ಮೈಯ ಬಿಸಿ ಮಾತ್ರ ಬಿಳಿಯ ಆಕಾರವಾಗಿ ಕಾಣುತ್ತದೆ. ನಡೆದವರು ಯಾರೇ ಆಗಲಿ, ಬೇಡ ಅನ್ನಿಸಿದ ದಿನ ತಮ್ಮ ಚಿತ್ರ ವಾಪಸ್ ಕೇಳಬಹುದು, ಕೇಳಿದರೆ ಅಳಿಸಲೇಬೇಕು.

ಮೇಳದ ವಿದೂಷಕ ಸೈದಪ್ಪ ತಟ್ಟನೆ ಎದ್ದು ನಿಂತ. "ಕೊಟ್ಟ ಹೆಣ್ಣು ವಾಪಸ್ ಕೇಳಿದವರನ್ನ ನೋಡೇನಿ, ಕೊಟ್ಟ ಎತ್ತು ವಾಪಸ್ ಕೇಳಿದವರನ್ನ ನೋಡೇನಿ. ನಡದ ನಡಿಗಿ ವಾಪಸ್ ಕೇಳೋ ಹುಚ್ಚ ಯಾವನ್ರಿ ಅವ?"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ದತ್ತಪ್ಪ.

ಕೆಲಸ ಶುರುವಾಯಿತು. ಹೆಗಲ ಮೇಲೆ ಕಟ್ಟಿಗೆಯ ಬಂದೂಕು ಹೊತ್ತು ತೊಗರಿ ಸಾಲಿನಲ್ಲಿ ನುಸುಳುವುದು, ಕಬ್ಬಿನ ಮರೆಯಲ್ಲಿ ಕೂರುವುದು, ದಂಡೆಯ ಮೇಲೆ ತೆವಳುವುದು. ಹೆಣ್ಣುಮಕ್ಕಳು ಹುಲ್ಲಿನ ಹೊರೆ, ಕೊಡ ಹೊತ್ತು ನಡೆದರು. ಅದು ದುಶ್ಮನ್ ಅಲ್ಲದವರ ಲೆಕ್ಕ. ಪರದೆಯ ಮೇಲೆ ದುಶ್ಮನ್ನರಿಗೆ ಕೆಂಪು ಚೌಕಟ್ಟು, ಉಳಿದವರಿಗೆ ಹಸಿರು. ಸೈದಪ್ಪ ತೆವಳುವಾಗ ಧೋತರ ಬಿಚ್ಚಿತೆಂದು ಮೂರು ಊರಿಗೆ ಸುದ್ದಿಯಾಯಿತು.

ಒಂದು ದಿನ ಸಂಜುಕುಮಾರ ಹೊಸ ಪಾಠ ತಂದ. "ದುಶ್ಮನ್ನರು ಹೊಲದ ಬದುವಿನ ಗುಂಟ ನೆಲದಾಗ ಬಾಂಬ್ ಇಡಬೇಕು. ಹ್ಯಾಂಗ ಇಡ್ತಾರ ನಡದು ತೋರಿಸ್ರಿ."

ಮೇಳದವರು ಮುಖ ಮುಖ ನೋಡಿದರು. ಬಾಂಬ್ ಇಡುವವನನ್ನು ಯಾರು ನೋಡಿದ್ದರು? ಒಬ್ಬ ಬೀಜ ಬಿತ್ತಿದಂತೆ ನಡೆದ, ಇನ್ನೊಬ್ಬ ಕಳೆದುಹೋದ ಬೆಂಡೋಲೆ ಹುಡುಕಿದಂತೆ ನಡೆದ. ಕಡೆಗೆ ದತ್ತಪ್ಪ, "ಸರೀರಿ, ನಾ ನಡೀತೇನಿ" ಎಂದು ಎದ್ದ. ಬದುವಿನ ಮೇಲೆ ಒಂದು ಗಳಿಗೆ ಸುಮ್ಮನೆ ನಿಂತ. ಆಮೇಲೆ ಕಾಲು ತಾವೇ ಹೊರಟವು. ಎಡಗೈಯಲ್ಲಿ ಬಾಂಬಿನದೆಂದು ಒಂದು ಬುಟ್ಟಿ ಅವುಚಿಕೊಂಡು, ನಾಲ್ಕು ಹೆಜ್ಜೆ ನಡೆದು ಬಾಗುವುದು, ಬಲಗೈ ನೆಲದತ್ತ ನೀಡುವುದು, ಎದ್ದು ಮತ್ತೆ ನಡೆಯುವುದು. ಹಿಂದೆ ತಿರುಗಿ ನೋಡುವುದಿಲ್ಲ. ಅವನ ಬೆನ್ನಿಗೆ ಸೈದಪ್ಪ, ಹೆಜ್ಜೆಗುರುತು ಅಳಿಸುತ್ತ ಬರುವ ಜೊತೆಗಾರ. ಹೊಲದ ಸುತ್ತ ಪೂರ್ತಿ ಒಂದು ಸುತ್ತು.

"ವಾಹ್ ಮಾಸ್ತರ! ಎಲ್ಲಿ ನೋಡಿದ್ರಿ ಇದನ್ನ?" ಎಂದ ಸಂಜುಕುಮಾರ.

"ಎಲ್ಲೀನೂ ಇಲ್ರಿ, ತಾನ ಬಂತು," ಎಂದ ದತ್ತಪ್ಪ. ಆ ನಡಿಗೆ ಉಳಿದವರಿಗೆ ಬರಾಬರಿ ಕೂಡಿ ಬರದ್ದರಿಂದ ಬಾಂಬ್ ಇಡುವ ಚಿತ್ರಗಳಲ್ಲೆಲ್ಲ ಮುಂದಿನವನು ಅವನೇ ಆದ. ಯಂತ್ರ ಬೇಗ ಕಲಿತುಕೊಂಡಿತು. ಒಳ್ಳೆಯ ಶಿಷ್ಯ ಸಿಕ್ಕ ಮಾಸ್ತರನ ಹೆಮ್ಮೆ ದತ್ತಪ್ಪನ ಮುಖದ ಮೇಲೆ ಇತ್ತು.

ಎಳ್ಳಅಮಾವಾಸ್ಯೆ ಬಂತು. ಆ ದಿನ ಈ ಸೀಮೆಯಲ್ಲಿ ಊರು ಖಾಲಿ, ಹೊಲ ತುಂಬ. ಭೂಮಿತಾಯಿ ಬಸುರಿ, ಅವಳಿಗೆ ಉಣ್ಣಿಸಬೇಕು. ಜೋಳದ ದಂಟಿನ ಗೂಡು ಕಟ್ಟಿ, ಐದು ಕಲ್ಲಿಟ್ಟು ಪೂಜೆ ಮಾಡಿ, ಬುತ್ತಿಯ ಅಡುಗೆಯನ್ನೆಲ್ಲ ಒಂದಿಷ್ಟು ಕಲಸಿ ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಆಮೇಲೆ ಮನುಷ್ಯರ ಊಟ. ಕೆಲಸಕ್ಕೆ ರಜೆಯಿದ್ದ ಪಲ್ಲವಿಯನ್ನು ಗಂಗಾಬಾಯಿ ಬಿಡದೆ ಹೊಲಕ್ಕೆ ಕರೆತಂದಿದ್ದಳು. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ.

ದತ್ತಪ್ಪನ ಹೊಲದ ಚರಗ ಮುಗಿದಿತ್ತು. ಎಲ್ಲರೂ ಊಟಕ್ಕೆ ಕೂತಿದ್ದರು. "ಕಾಕಾ, ಮ್ಯಾಲಿಂದ ಒಂದು ಚಿತ್ರ ತಗೀತೀನ್ರಿ, ಚಂದ ಬರ್ತದ," ಎಂದು ಪಲ್ಲವಿ ಡ್ರೋನು ಹಾರಿಸಿದಳು. ಕಲಿತ ಯಂತ್ರವೂ ಅದರೊಳಗೇ ಇತ್ತು, ಆರಿಸಿರಲಿಲ್ಲ. ಕೈಯಲ್ಲಿನ ಪರದೆಯ ಮೇಲೆ ಹೊಲಗಳು ಬಿಚ್ಚಿಕೊಂಡವು. ಗೂಡಿನ ಸುತ್ತ ಕೂತವರ ಮೇಲೆಲ್ಲ ಹಸಿರು. ಪಕ್ಕದ ಹೊಲದ ಬದುವಿನ ಮೇಲೆ ಮಾತ್ರ ಎರಡು ಕೆಂಪು ಚೌಕಟ್ಟು.

ಅಲ್ಲಿ ಅಜರುದ್ದೀನ ಚರಗ ಚೆಲ್ಲುತ್ತಿದ್ದ. ಹಿಂದೆ ಅವನ ಹೆಂಡತಿ ಮೆಹರಾಜಬೇಗಂ ತಂಬಿಗೆಯಿಂದ ನೀರು ಹನಿಸುತ್ತ ಬರುತ್ತಿದ್ದಳು. ಹೊಲ ಯಾರದಾದರೇನು, ಭೂಮಿಗೆ ಹಸಿವು ಒಂದೇ ಅಲ್ಲವೇ?

"ಅಯ್ಯ! ಅಜರುದ್ದೀನ ಭಾವ ದುಶ್ಮನ್ ಆದ!" ಸೈದಪ್ಪ ಹೊಟ್ಟೆ ಹಿಡಿದು ನಕ್ಕ. "ಹೋದ ವರ್ಷ ನನ್ನ ಎತ್ತಿಗೆ ಮೇವು ಕೊಡಲಿಲ್ಲ, ಯಂತ್ರಕ್ಕ ಗೊತ್ತಾಗ್ಯದ ನೋಡ್ರಿ."

ಎಲ್ಲರೂ ನಕ್ಕರು. ಗಂಗಾಬಾಯಿ ಉಳಿದಿದ್ದ ಚರಗದ ಬುಟ್ಟಿ ಎತ್ತಿಕೊಂಡು, "ನಾ ನಡದ್ರ ಏನಂತದ ನೋಡೂಣು" ಎಂದು ಬದುವಿಗೆ ಹೋದಳು. ಬುಟ್ಟಿ ಹೊತ್ತು ನಡೆಯುವ ತನಕ ಹಸಿರು. ರಾಣಿಯ ನಡಿಗೆಯೇ. ನಾಲ್ಕು ಹೆಜ್ಜೆ ಹೋಗಿ ಬಾಗಿದಳು, ಕೈ ನೀಡಿ "ಹುಲಿಗ್ಯೋ" ಎಂದು ಚರಗದ ಕೂಗು ಹಾಕಿ ಒಂದು ಹಿಡಿ ಚೆಲ್ಲಿದಳು. ಚೌಕಟ್ಟು ಕೆಂಪಾಯಿತು.

ಯಂತ್ರಕ್ಕೆ ಕೂಗು ಕೇಳಿಸುವುದಿಲ್ಲ.

ದತ್ತಪ್ಪನ ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ ನಿಂತಿತು. ಬೆಕ್ಕಿನಿಂದ ಕಳ್ಳನನ್ನು, ಹೋರಿಯಿಂದ ರಾಜನನ್ನು ಗೊತ್ತಿದ್ದೇ ತಂದಿದ್ದ. ಈ ಒಂದು ನಡಿಗೆಯನ್ನು ಎಲ್ಲಿಂದ ತಂದೆನೆಂದು ಅವನು ಕೇಳಿಕೊಂಡಿರಲಿಲ್ಲ. ಬುಟ್ಟಿ ಅವುಚುವ ಎಡಗೈ ಅಪ್ಪನದು. ಹಿಂದೆ ನೋಡದೆ ನಡೆಯುವ ರೀತಿ ಅಜ್ಜನದು. ಹುಟ್ಟಿದಾಗಿನಿಂದ ವರ್ಷಕ್ಕೊಮ್ಮೆ ಕಾಲು ನಡೆದ ಹಾದಿ, ಅವನನ್ನು ಕೇಳದೆಯೇ ಹೊರಬಂದಿತ್ತು.

"ಯವ್ವಾ ಪಲ್ಲವಿ," ಎಂದ ಮೆಲ್ಲಗೆ, "ನಾ ಅದಕ್ಕ ಚರಗ ಕಲಿಸೇನಿ. ಅದನ್ನ ಬಾಂಬ್ ಅಂತ ಕಲಿಸೇನಿ."

ಪಲ್ಲವಿ ಪರದೆಯಿಂದ ಕಣ್ಣೆತ್ತಿದಳು. "ನಮ್ಮೂರಾಗೂ ಚೆಲ್ತಾರ್ರಿ ಕಾಕಾ. ಸಣ್ಣಾಕಿ ಇದ್ದಾಗ ನಾನ ನೀರು ಹಾಕ್ಕೋತ ಹೋಗ್ತಿದ್ದೆ. ಎಷ್ಟು ಸಲ ಆ ಚಿತ್ರ ನೋಡೇನಿ, ಹೊಳೀಲೇ ಇಲ್ಲ. ಮ್ಯಾಲಿಂದ ನೋಡಿದ್ರ ಎಲ್ಲಾ ಬ್ಯಾರೇನ ಕಾಣ್ತದ."

ಗಂಗಾಬಾಯಿ ಬುಟ್ಟಿ ಕೆಳಗಿಟ್ಟು ಬಂದಳು. ಪರದೆ ನೋಡಿದಳು, ಗಂಡನನ್ನು ನೋಡಿದಳು.

ಮರುದಿನ ದತ್ತಪ್ಪ ಅಫಜಲಪುರಕ್ಕೆ ಹೋದ. ಬಸ್‌ಸ್ಟ್ಯಾಂಡಿನ ಹಿಂದೆ ಬಾಡಿಗೆಯ ಕೋಣೆಯಲ್ಲಿ ಸಂಜುಕುಮಾರನ ಆಫೀಸು. ಹೊಲದಲ್ಲಿ ಆದದ್ದನ್ನೆಲ್ಲ ಅವನಿಗೆ ಹೇಳಿದ.

"ಇದು ನಮ್ಮ ಹೊಲದ ಮ್ಯಾಲ ಹಾರಂಗಿಲ್ಲ ಮಾಸ್ತರ," ಎಂದ ಸಂಜುಕುಮಾರ, ಚಹಾ ತರಿಸಿ. "ಇದು ಹೋಗೋದು ಗಡಿಗೆ. ಅಲ್ಲಿ ಯಾರು ಚರಗ ಚೆಲ್ತಾರ?"

"ಗಡಿ ಹಂತ್ಯಾಕ ಹೊಲ ಇಲ್ಲೇನ್ರಿ?"

"ಅದಾವ."

"ಹೊಲ ಅದ ಅಂದ್ರ ಅದಕ್ಕ ಉಣ್ಣಾಕ ಹಾಕೋರು ಇರ್ತಾರ್ರಿ. ಅವರು ಏನಂತ ಕೂಗ್ತಾರ ನನಗ ಗೊತ್ತಿಲ್ಲ. ಬಾಗಂತೂ ಬಾಗ್ತಾರ."

ಸಂಜುಕುಮಾರ ಕೆಟ್ಟವನಲ್ಲ. ತಲೆ ಕೆರೆದುಕೊಂಡ. ಯಂತ್ರ ತಾನಾಗಿ ಏನೂ ಸಿಡಿಸುವುದಿಲ್ಲ, ಬರೀ ತೋರಿಸುತ್ತದೆ, ಕೊನೆಯ ಮಾತು ಮನುಷ್ಯನದೇ ಎಂದ. ಗಡಿಯಲ್ಲಿ ನಮ್ಮ ಹುಡುಗರೂ ಬಾಂಬಿನ ಮೇಲೆ ಕಾಲಿಟ್ಟು ಸಾಯುತ್ತಾರೆ, ಅವರಿಗಾಗಿಯೇ ಇದು ಎಂದ. ಅದೂ ಖರೇ. ದತ್ತಪ್ಪ ತಲೆದೂಗಿದ.

"ಸಾಹೇಬ್ರ, ಆ ಮನಷ್ಯಾನೂ ಪರದೇನ ನೋಡ್ತಾನಲ್ರಿ? ನಾವೂ ನೋಡಿದ್ವಿ. ಇಡೀ ತಿಂಗಳು ನಾನೂ ನೀವೂ ಪಲ್ಲವೀನೂ ನೋಡಿದ್ವಿ. ಯಾರಿಗರ ಹೊಳೀತೇನ್ರಿ?"

ಸಂಜುಕುಮಾರ ಕಪ್ಪು ಕೆಳಗಿಟ್ಟ. "ನೀವು ವಾಪಸ್ ಕೇಳಿದ್ರ ಅಳಿಸಬೇಕು, ಇಲ್ಲ ಅನ್ನಂಗಿಲ್ಲ. ಆದ್ರ ಬಾಂಬಿನ ಚಿತ್ರ ಎಲ್ಲಾದ್ರಾಗೂ ಮುಂದ ಇರೋರು ನೀವ. ಅದು ಹೋದ್ರ ನಾ ಒಪ್ಪಿಸೋ ದಿನಕ್ಕ ಕೈ ಖಾಲಿ. ಹೈದರಾಬಾದಿನವರು ಬ್ಯಾರೆ ಸೀಮಿ ನೋಡಿಕೋತಾರ. ಮೇಳದವರಿಗೆ ಮುಂದಿನ ಹಂಗಾಮಿನ ಕೆಲಸ ಅದರ ಕೂಡ ಹೋಗ್ತದ. ಅವರನ್ನ ಕೇಳಿ ಬರ್ರಿ."

ಬೇವಿನ ಗಿಡದ ಕೆಳಗೆ ಮತ್ತೆ ಎಲ್ಲರೂ ಸೇರಿದರು. ಈ ಸಲ ನಗುವಿರಲಿಲ್ಲ. ಬೇಸಿಗೆಗೆ ಪುಣೆ ಕಡೆ ಗುಳೆ ಹೋಗುವುದು ತಪ್ಪಿತೆಂದುಕೊಂಡಿದ್ದವರು ಅದರಲ್ಲಿ ಅರ್ಧಕ್ಕರ್ಧ.

"ಲೇ ದತ್ತ್ಯಾ, ನಿನಗ ಖರೇನ ಹುಚ್ಚು ಹಿಡದದ," ಎಂದ ಸೈದಪ್ಪ. "ಆಟದಾಗ ರಾಕ್ಷಸ ಆಗಿ ಎಷ್ಟು ಮಂದೀನ ಕೊಂದಿ? ಯಾರರ ಖರೇನ ಸತ್ತಾರೇನು? ಇದೂ ಒಂದು ಆಟ ಅಲ್ಲೇನು?"

"ಆಟದಾಗ ನೋಡೋರಿಗೆ ಗೊತ್ತಿರ್ತದಲೇ, ಇವ ದತ್ತ್ಯಾ, ಇದು ಬಣ್ಣ ಅಂತ. ಇದಕ್ಕ ಅದು ಗೊತ್ತಿಲ್ಲ. ನಾ ಏನು ನಡದೇನಿ ಅದ ಖರೇ ಅಂತದ." ದತ್ತಪ್ಪ ಮೇಳದವರತ್ತ ತಿರುಗಿದ. "ನಿಮ್ಮ ಹೊಟ್ಟಿ ಮ್ಯಾಲ ಕಾಲಿಡಾಕತ್ತೇನಿ, ನನಗ ಗೊತ್ತದ. ಬ್ಯಾಡ ಅಂದ್ರ ಅನ್ರಿ. ಆದ್ರ ಬ್ಯಾಡ ಅನ್ನೋರು ಬರೋ ಎಳ್ಳಅಮಾಸಿಗೆ ನನ್ನ ಮುಂದ ಚರಗದ ಬುಟ್ಟಿ ಹಿಡದು ನಡೀರಿ. ನಾ ಹಿಂದಿನಿಂದ ನೀರು ಹಾಕ್ತೇನಿ."

ಯಾರೂ ಹೌದೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಸೈದಪ್ಪ ಮೊದಲು ಎದ್ದು ಹೋದ, ಚಪ್ಪಲಿ ನೆಲಕ್ಕೆ ಬಡಿಯುತ್ತ.

ದತ್ತಪ್ಪ ನಡಿಗೆ ವಾಪಸ್ ಕೇಳಿದ. ಪಲ್ಲವಿ ಅವನೆದುರೇ ಕೂತು ಅಳಿಸಿದಳು. "ಇಷ್ಟು ಚಿತ್ರ ಹೋದವ್ರಿ ಕಾಕಾ. ಯಂತ್ರಕ್ಕ ಮತ್ತ ಮೊದಲಿಂದ ಕಲಿಸಬೇಕು. ಹೈದರಾಬಾದಿಗೆ ಮೊದಲ ಒಂದಿಷ್ಟು ಚಿತ್ರ ಕಳಿಸಿದ್ವಲ್ಲ, ಅಲ್ಲೀನೂ ಅಳಿಸ್ರಿ ಅಂತ ಬರದೇನಿ. ಅಳಿಸ್ತಾರ ಅಂತ ನಾ ಆಣಿ ಮಾಡಂಗಿಲ್ಲ."

"ಆಣಿ ಬ್ಯಾಡವ್ವಾ. ಬರದಿಯಲ್ಲ, ಸಾಕು."

ಜೀಪು ಹೋಯಿತು, ತಿರುಗಿ ಬರಲಿಲ್ಲ. ಬೇಸಿಗೆಗೆ ಮೇಳದ ಕೆಲವರು ಪುಣೆಗೆ ಹೋದರು. ಅವರಲ್ಲಿ ಸೈದಪ್ಪನೂ ಒಬ್ಬ. ಹೋಗುವಾಗ ದತ್ತಪ್ಪನ ಮನೆಯ ಮುಂದಿನಿಂದಲೇ ಹೋದ, ಒಳಗೆ ಬರಲಿಲ್ಲ. ಆ ವರ್ಷ ಮಣ್ಣೂರಿನಲ್ಲಿ ಆಟ ಕಟ್ಟಲಿಲ್ಲ. ದತ್ತಪ್ಪ ಎಮ್ಮೆ ಮೇಯಿಸಿದ, ತೊಗರಿ ಬಿತ್ತಿದ. ಒಂದು ಸಂಜೆ ಹೊಳೆಯಿಂದ ಬರುತ್ತಿದ್ದ ಗಂಗಾಬಾಯಿಗೆ ಎದುರು ಹೋಗಿ ಕೊಡ ಇಳಿಸಿಕೊಂಡ. "ಇದೇನ್ರಿ ಇವತ್ತ ಸೂರ್ಯ ಎತ್ತ ಹುಟ್ಟ್ಯಾನ?" ಎಂದಳು ಅವಳು. ದತ್ತಪ್ಪ ಕೊಡ ಹೊತ್ತು ನಡೆದು ನೋಡಿದ. ರಾಣಿಯ ನಡಿಗೆಯಲ್ಲಿ ಇಷ್ಟು ಭಾರವಿದೆಯೆಂದು ಅವನು ಯಾರಿಗೂ ಕಲಿಸಿರಲಿಲ್ಲ.

ಮತ್ತೆ ಎಳ್ಳಅಮಾವಾಸ್ಯೆ ಬಂತು. ಪೂಜೆ ಮುಗಿಸಿ ದತ್ತಪ್ಪ ಚರಗದ ಬುಟ್ಟಿ ಅವುಚಿಕೊಂಡು ಬದುವಿನ ಮೇಲೆ ನಿಂತ. ಕಾಲು ಏಳಲಿಲ್ಲ. ಮೇಲೆ ಆಕಾಶ ನಿರ್ಮಲವಾಗಿತ್ತು, ಹದ್ದೊಂದು ಬಿಟ್ಟರೆ ಏನೂ ಇರಲಿಲ್ಲ. ಎಲ್ಲೋ ದೂರ, ಹೆಸರು ಗೊತ್ತಿಲ್ಲದ ಸೀಮೆಯಲ್ಲಿ, ಯಾವನೋ ತನ್ನ ಹೊಲಕ್ಕೆ ಬಾಗುತ್ತಿರಬಹುದು. ಆ ಯಂತ್ರ ತನ್ನನ್ನು ಮರೆತಿದೆಯೋ ಇಲ್ಲವೋ?

ಹಿಂದೆ ಹೆಜ್ಜೆ ಸಪ್ಪಳವಾಯಿತು. ತಿರುಗಿದರೆ ಸೈದಪ್ಪ, ಪುಣೆಯ ಧೂಳು ಇನ್ನೂ ಅಂಗಿಯ ಮೇಲೆ, ಕೈಯಲ್ಲಿ ನೀರಿನ ತಂಬಿಗೆ.

"ಮುಂದ ನಡಿಯೋರು ಯಾರೂ ಇಲ್ಲಲೇ," ಎಂದ ದತ್ತಪ್ಪ. "ಬುಟ್ಟಿ ನೀ ಹಿಡೀತಿ ಅಂದ್ರ ಕೊಡ್ತೇನಿ."

"ಬುಟ್ಟಿ ನನಗ ಎಲ್ಲಿ ಬರ್ತದ? ನಾ ಯಾವಾಗ್ಲೂ ನಿನ್ನ ಹಿಂದಿನವ," ಎಂದ ಸೈದಪ್ಪ. "ಮ್ಯಾಲ ಏನು ನೋಡ್ತಿ? ಹಸದಾಕಿ ಕೆಳಗ ಅದಾಳ. ನಡಿ."

ದತ್ತಪ್ಪ ನಾಲ್ಕು ಹೆಜ್ಜೆ ನಡೆದು ಬಾಗಿದ.