ಸಾವುಕಾರ ಬಗ್ಗಿದ ಮಧ್ಯಾಹ್ನ

ನೀಲವ್ವ ಬೇಳೆ ಮಿಲ್ಲಿನ ಮಾಲೀಕನನ್ನು ಕ್ಷಮಿಸಲಿಲ್ಲ. ಕ್ಷಮಿಸಿದಂತೆ ಕಾಣುವ ಹಾಗೆ ನಾನು ಮಾಡಿದೆ. ಆ ಒಂದು ಮಧ್ಯಾಹ್ನದ ಮೇಲೆಯೇ ನನ್ನ ಪ್ರಾಧ್ಯಾಪಕ ವೃತ್ತಿಯನ್ನು ಕಟ್ಟಿಕೊಂಡೆ— ಲೇಖನ, ಭಾಷಣ, ಬಡ್ತಿ, ಎಲ್ಲವನ್ನೂ.

ನಾನು ಕಾರ್ಮಿಕ ಕಾನೂನು ಕಲಿಸುತ್ತಿದ್ದವನು. ತಪ್ಪು ಮಾಡಿದವರನ್ನೂ ನೊಂದವರನ್ನೂ ಎದುರುಬದುರು ಕೂರಿಸಿ, ಮಾತಿನಿಂದಲೇ ಗಾಯ ಮಾಯಿಸುವ ನ್ಯಾಯವನ್ನು ನಂಬಿದ್ದವನು. ಸಿಂದಗಿಯ ಆ ಮಿಲ್ಲಿನಲ್ಲಿ ನೀಲವ್ವನ ಬಲಗೈ ಬೆರಳುಗಳು ಯಂತ್ರದ ಬೆಲ್ಟಿಗೆ ಸಿಕ್ಕಿ ತುಂಡಾಗಿ ಹೋಗಿದ್ದವು. ಪರಿಹಾರಕ್ಕೆ ಅರ್ಜಿ ಹಾಕಿದ್ದಳು. ಗೆಲ್ಲುವ ಅರ್ಜಿ— ಅದು ನನಗೆ ಗೊತ್ತಿತ್ತು. ಆದರೂ ಮಿಲ್ಲಿನವರೆಲ್ಲರ ಎದುರು ಇಬ್ಬರನ್ನೂ ಕೂರಿಸಿದೆ. ಅವಳು ನೆಲ ನೋಡುತ್ತ ಕೂತಳೇ ಹೊರತು ಕ್ಷಮಿಸಿದೆ ಎನ್ನಲಿಲ್ಲ. ಹಿಡಿದ ಕೆಲಸ ಆ ದಿನವೇ ಮುಗಿಯಬೇಕೆಂಬುದು ನನ್ನ ಜೀವಮಾನದ ಶಿಸ್ತು. ಮಾಲೀಕನನ್ನು ಹೊರಗೆ ಕರೆದೆ.

"ಆಕಿ ಕಾಲಿಗೆ ಬಗ್ಗರಿ."

"ಕಾಲಿಗ್ರೀ? ಆಕಿ ಮುಟ್ಟಿಸಿಕೊಂಡೇ ಬಿಟ್ರ?"

"ಮುಟ್ಟಾಕ ಬಿಡೂದಿಲ್ಲರಿ. ನಾನೂ ಇದ ಸೀಮಿಯಾಂವ."

ಪಕ್ಕದ ಇಂಡಿ ತಾಲೂಕಿನಲ್ಲಿ ಹುಟ್ಟಿ ಬೆಳೆದವನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಸಾವುಕಾರ ಬಗ್ಗಿದರೆ ಕೂಲಿಯವಳು ಗಾಬರಿಯಾಗಿ ತಡೆಯುತ್ತಾಳೆ. ತಡೆಯುವಾಗ ಏನು ಹೇಳುತ್ತಾಳೆಂಬುದೂ... ಅವನು ಒಳಗೆ ಬಂದು ಬಗ್ಗಿದ. ಬೆರಳಿಲ್ಲದ ಕೈಯನ್ನೂ ಚಾಚಿ ಅವಳು ಅವನ ತೋಳು ಹಿಡಿದಳು.

"ಅಯ್ಯ ಎಪ್ಪಾ, ಬ್ಯಾಡ್ರೀ ಸಾವುಕಾರ್ರ! ಆದದ್ದು ಆತು, ಹೋಗ್ಲಿ ಬಿಡ್ರಿ!"

ಅದನ್ನೇ ನಾನು ಕ್ಷಮೆ ಎಂದು ಕರೆದೆ. ಎಲ್ಲರೆದುರು ಹಾಗೆಂದವಳು ಮತ್ತೆ ಹೇಗೆ ಪಟ್ಟು ಹಿಡಿದಾಳು? ಅರ್ಜಿ ಹಿಂತೆಗೆದುಕೊಂಡಳು.

ಈಗ ಮಾಲೀಕನಿಲ್ಲ, ಮಿಲ್ಲೂ ಇಲ್ಲ. ಆ ಅರ್ಜಿಯನ್ನು ಮತ್ತೆ ಎಬ್ಬಿಸಲು ನನಗೆ ಗೊತ್ತಿರುವ ಯಾವ ಕಾನೂನಿನಲ್ಲೂ ದಾರಿಯಿಲ್ಲ. ಅವಳಿಗೆ ಸತ್ಯವನ್ನಾದರೂ ಹೇಳಿಬಿಡೋಣವೆಂದು ಮೊನ್ನೆ ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ, ಮುದ್ದೇಬಿಹಾಳದ ಅವಳ ಮಗಳ ಮನೆಗೆ ಹೋದೆ. ಹೇಳಬೇಕಾದ್ದನ್ನೆಲ್ಲ ದಾರಿಯಲ್ಲಿ ಕ್ರಮವಾಗಿ ಜೋಡಿಸಿಕೊಂಡಿದ್ದೆ.

ನೀಲವ್ವ ಎಡಗೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡವಳೇ ಪಕ್ಕದ ಮನೆಯವಳನ್ನು ಕೂಗಿದಳು.

"ಏ ಶಾಂತವ್ವಾ, ಬಾರ ಇಲ್ಲೆ! ಸಾವುಕಾರನ್ನ ನನ್ನ ಕಾಲಿಗೆ ಬಗ್ಗಿಸಿದ ಸರ ಬಂದಾರ ನೋಡು!"

"ದಿನಾ ಅದ ಕಥಿ. ಕೇಳಿ ಕೇಳಿ ನನಗ ಬಾಯಿಪಾಠ ಆಗೇತಿ."

"ನಿನ್ನ ಕಾಲಿಗೆ ಯಾರ ಬಗ್ಗ್ಯಾರ? ಹೇಳು ನೋಡೂಣು!"

ಅವಳು ನಗುತ್ತಿದ್ದಳು. ಆ ಬಗ್ಗುವಿಕೆ— ಬೆರಳುಗಳಿಗೆ ಬದಲಾಗಿ ಅವಳಿಗೆ ದಕ್ಕಿದ್ದು ಅದೊಂದೇ. ಅದು ನನ್ನ ಹೂಟವೆಂದು ಬಾಯಿ ತೆರೆದರೆ ಅದೂ ಹೋಗುತ್ತಿತ್ತು.

"ಉಣ್ರಿ ಸರ, ಬಿಸಿಬಿಸಿ ಅದಾವ," ಎಂದು ರೊಟ್ಟಿ ಮುಂದಿಟ್ಟಳು.

ಉಂಡು ಬಂದೆ.

ನೀಲವ್ವ ಎಂಬುದು ಅವಳ ನಿಜವಾದ ಹೆಸರಲ್ಲ. ಯಾರಾದರೂ ಇದನ್ನು ಅವಳಿಗೆ ಓದಿ ಹೇಳಿಯಾರೆಂದು ಹೆದರಿ ಬದಲಿಸಿದ್ದೇನೆ. ತಪ್ಪೊಪ್ಪಿಕೊಳ್ಳುವಾಗಲೂ, ಹೇಳಬೇಕಾದ ಅವಳೊಬ್ಬಳಿಂದ ಮುಚ್ಚಿಡುತ್ತಲೇ ಇದ್ದೇನೆ.