ರೈಟರ್ ಸಾಹೇಬರ ಏಳು ಮಾತು

ಮೊನ್ನೆ ಅಂಚೆ ಕಚೇರಿಯಲ್ಲಿ ಪಾರ್ಸೆಲ್ಲಿಗೆ ಮುದ್ರೆ ಒತ್ತಲು ಅರಗು ಕರಗಿಸುತ್ತಿದ್ದರು. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ದಿನವೂ ಅದೇ ವಾಸನೆ ತುಂಬಿರುತ್ತಿದ್ದ, ಎರಡನೇ ಮಹಾಯುದ್ಧದ ಕಾಲದ ಒಂದು ಕೋರ್ಟಿನ ಅಂಗಳ ಕಣ್ಣ ಮುಂದೆ ಬಂತು. ಅಲ್ಲಿ ಬೇವಿನ ಮರದ ಕೆಳಗೆ ಚಾಪೆ ಹಾಸಿ, ಇಳಿಜಾರು ಮೇಜಿನ ಮುಂದೆ ಕೂತು, ಹಳ್ಳಿಯವರಿಗೆ ಅರ್ಜಿ ಬರೆದುಕೊಡುತ್ತಿದ್ದವರು ನಮ್ಮ ರೈಟರ್ ಸಾಹೇಬರು. ಯಾವ ಊರಿನ ಕೋರ್ಟು ಎಂದು ಹೇಳಲಾರೆ. ಹೊನ್ನಾಳಿ, ಚನ್ನಗಿರಿ ಸೀಮೆಯದು ಎಂದರೆ ಸಾಕು. ಅಲ್ಲಿ ಕೂತವರ ಮೊಮ್ಮಕ್ಕಳು ಇನ್ನೂ ಇದ್ದಾರೆ.

ಸಾಹೇಬರು ಸಂತೇಬೆನ್ನೂರಿನವರು. ಅವರ ಕನ್ನಡ ಅಕ್ಷರ ಎಷ್ಟು ದುಂಡಗಿತ್ತೆಂದರೆ ಓದು ಬಾರದವರೂ ಕಾಗದವನ್ನು ಒಮ್ಮೆ ತಿರುಗಿಸಿ ನೋಡುತ್ತಿದ್ದರು. ಮೂವತ್ತು ವರ್ಷ ಆ ಅಂಗಳದಲ್ಲಿ ಕೂತವರಿಗೆ ಯಾವ ದಾವೆ ಎಲ್ಲಿ ಮುಗ್ಗರಿಸುತ್ತದೆ ಎಂಬುದು ಕೇಳಿದ ಕೂಡಲೇ ತಿಳಿಯುತ್ತಿತ್ತು. ಆದರೆ ವಕೀಲಿಯ ಓದು ಇಂಗ್ಲಿಷಿನಲ್ಲಿ, ಪರೀಕ್ಷೆ ಇಂಗ್ಲಿಷಿನಲ್ಲಿ. ಅವರಿಗೆ ಇಂಗ್ಲಿಷು ಇರಲಿಲ್ಲ. ಹಾಗಾಗಿ ಅವರು ಮರದ ಕೆಳಗೇ ಉಳಿದರು. ನಾನು ಪುಣೆಯಲ್ಲಿ ಕಾನೂನು ಓದಿ, ಕರಿ ಕೋಟು ಹಾಕಿಕೊಂಡು ಅವರ ಮುಂದೆಯೇ ಕೋರ್ಟಿನ ಮೆಟ್ಟಿಲು ಹತ್ತಿದೆ.

ಪುಣೆಯಲ್ಲಿ ನಾನು ಕಲಿತದ್ದೇನು? ರೋಮಿನವರು ಗುಲಾಮರನ್ನು ಹೇಗೆ ಮಾರುತ್ತಿದ್ದರು ಎಂಬುದನ್ನು ನಿದ್ದೆಯಲ್ಲೂ ಹೇಳಬಲ್ಲವನಾಗಿದ್ದೆ. ಒಂದು ದಾವೆಯ ಕಾಗದ ಕಣ್ಣಿಂದ ನೋಡಿರಲಿಲ್ಲ.

ನನ್ನ ಮೊದಲ ಕಕ್ಷಿಗಾರ್ತಿ ನ್ಯಾಮತಿ ಕಡೆಯ ಹಳ್ಳಿಯ ಒಬ್ಬ ಕುಂಬಾರ ಹೆಂಗಸು. ಗಂಡ ತೀರಿಹೋಗಿದ್ದ. ಮನೆಯ ಹಿಂದೆ ಮಡಕೆ ಸುಡುವ ಆವಿಗೆ, ಅಲ್ಲಿಗೆ ಮಣ್ಣಿನ ಗಾಡಿ ಹೋಗಲು ಪಕ್ಕದಲ್ಲೊಂದು ಓಣಿ. ಪಕ್ಕದ ಮನೆಯವನು ಆ ಓಣಿಗೆ ಅಡ್ಡಗೋಡೆ ಕಟ್ಟಿಬಿಟ್ಟಿದ್ದ. ಓಣಿ ಎಲ್ಲಿದೆ ಎಂದು ಕೇಳಿದೆ. "ಬಾಗಲಿಂದ ಹೊರಗ್ ಬಂದ್ರೆ ಬಲಗಡೀಗೆ ಐತ್ರಿ" ಅಂದಳು. ಮನೆ ಎಂದರೆ ಪೂರ್ವಕ್ಕೆ ಬಾಗಿಲು, ಬಲಗಡೆ ಎಂದರೆ ದಕ್ಷಿಣ. ಹಾಗೆಂದುಕೊಂಡು ಒಳ್ಳೆಯ ಇಂಗ್ಲಿಷಿನಲ್ಲಿ ದಾವೆ ಬರೆದೆ. ಬರೆದದ್ದನ್ನು ಹೆಮ್ಮೆಯಿಂದ ಸಾಹೇಬರಿಗೆ ಕನ್ನಡದಲ್ಲಿ ಹೇಳಿದೆ.

ಅವರು ಲೇಖನಿ ಕೆಳಗಿಟ್ಟು, "ಆ ಮನೆ ನೋಡೀರೇನ್ರಿ ವಕೀಲ್ರೇ?" ಎಂದು ಕೇಳಿದರು.

"ನೋಡೋದೇನಿದೆ ಸಾಹೇಬ್ರೇ, ಅವಳೇ ಹೇಳಿದ್ದಾಳಲ್ಲ."

"ಒಂದ್ಸಲ ಹೋಗಿ ನೋಡ್ಕಂಡು ಬರ್ರಿ. ದಾವೆ ಹಾಕಾಕೆ ನಾಳೀಕೂ ಆಗ್ತೈತೆ."

ನಾನು ಹೋಗಲಿಲ್ಲ. ವಕೀಲನಾದವನು ಹಳ್ಳಿಯ ಓಣಿ ಅಳೆಯುತ್ತ ತಿರುಗುವುದೇ ಎಂಬ ಜಂಬ...

ಆಮೇಲೆ ವಾಯಿದೆಗಳು ಶುರುವಾದವು. ಒಂದು ಸಲ ನ್ಯಾಯಾಧೀಶರಿಗೆ ವರ್ಗವಾಯಿತು. ಇನ್ನೊಂದು ಸಲ ಎದುರು ವಕೀಲರಿಗೆ ಜ್ವರ. ಪಕ್ಕದ ಮನೆಯವನು ಸತ್ತ, ಅವನ ಮಕ್ಕಳನ್ನು ದಾವೆಗೆ ಸೇರಿಸುವುದರಲ್ಲೇ ಒಂದು ವರ್ಷ ಕಳೆಯಿತು. ಆ ಹೆಂಗಸು ಪ್ರತಿ ವಾಯಿದೆಗೂ ನಡೆದು ಬರುತ್ತಿದ್ದಳು, ಸಂಜೆ ನಡೆದು ಹೋಗುತ್ತಿದ್ದಳು. ಗಾಡಿ ಒಳಗೆ ಬರುವಂತಿರಲಿಲ್ಲವಾದ್ದರಿಂದ ಮಣ್ಣನ್ನು ಬುಟ್ಟಿಯಲ್ಲಿ ತಲೆಯ ಮೇಲೆ ಹೊತ್ತು, ಊರು ಸುತ್ತಿ, ಹಿತ್ತಲ ಬೇಲಿ ಸಂದಿಯಿಂದ ಒಳಗೆ ತರುತ್ತಿದ್ದಳು. ಐದು ವರ್ಷ ಹೀಗೇ ನಡೆಯಿತು.

ಕೊನೆಯ ವಾದದ ದಿನ ಎದುರು ವಕೀಲರು ನಗುತ್ತ ಎದ್ದು ನಿಂತರು. ಆ ಮನೆಯ ಬಾಗಿಲು ಪಶ್ಚಿಮಕ್ಕಿತ್ತು. ಓಣಿ ಉತ್ತರಕ್ಕಿತ್ತು. ನಾನು ಬರೆದ ದಕ್ಷಿಣದಲ್ಲಿ ಓಣಿಯೇ ಇರಲಿಲ್ಲ. ತಿದ್ದಲು ಅವಕಾಶ ಕೇಳಿದೆ, ತಡವಾಯಿತು ಎಂದರು ನ್ಯಾಯಾಧೀಶರು. ದಾವೆ ವಜಾ ಆಯಿತು. ಇಂಗ್ಲಿಷಿನಲ್ಲಿ ತೀರ್ಪು ಓದುವಾಗ ಅವಳು ಕೈಮುಗಿದುಕೊಂಡೇ ನಿಂತಿದ್ದಳು, ಗೆದ್ದೆ ಎಂದುಕೊಂಡು.

ಹೊರಗೆ ಬಂದು "ಏನಂದ್ರು ಸ್ವಾಮಿ?" ಎಂದಳು. ನಾನು ಕಾಗದಗಳನ್ನು ಮಡಿಸುತ್ತ ನಿಂತೆ. ಸಾಹೇಬರೇ ಚಾಪೆಯಿಂದ ಎದ್ದು ಬಂದರು.

"ಹೋತು ತಾಯಿ. ಕಾಗದದಾಗೆ ದಿಕ್ಕು ತಪ್ಪೈತೆ. ಉತ್ತರ ಅನ್ನೋ ಕಡೆ ದಕ್ಷಿಣ ಅಂತ ಬಿದ್ದೈತೆ."

ಅವಳು ಅಂದಳು: "ಓಣಿ ಎಲ್ಲಿಗೂ ಹೋಗಿಲ್ಲಲ್ರಿ ಸಾಬ್ರೇ. ಐದು ವರ್ಷದಾಗೆ ಒಬ್ರಾದ್ರೂ ಬಂದು ನೋಡಿದ್ರೆ ಕಾಣ್ತಿತ್ತು."

ಅಪೀಲು ಮಾಡೋಣ, ನಾನೇ ನಡೆಸುತ್ತೇನೆ ಎಂದೆ. "ಇನ್ನ ಬ್ಯಾಡ್ರಿ" ಎಂದು ಹೊರಟುಹೋದಳು. ಗೋಡೆ ಹಾಗೇ ಉಳಿಯಿತು. ಮುಂದಿನ ಬೇಸಿಗೆಯ ಹೊತ್ತಿಗೆ ಅವಳು ಆವಿಗೆ ಹಚ್ಚುವುದನ್ನೇ ಬಿಟ್ಟಳಂತೆ.

ಸಾಹೇಬರು ಚಾಪೆಗೆ ಮರಳಿ ಅರ್ಧ ಬರೆದಿದ್ದ ಅರ್ಜಿ ಮುಂದುವರಿಸಿದರು. ನನ್ನನ್ನು ಬೈದಿದ್ದರೆ ವಾಸಿಯಿತ್ತು.

ಆ ವರ್ಷವೇ ಬೆಂಗಳೂರಿನಿಂದ ಸರ್ಕಾರದ ಒಂದು ಪತ್ರ ಬಂತು. ಕೋರ್ಟಿನ ನಡವಳಿಕೆ ಮತ್ತು ಕಾನೂನಿನ ಓದು ಹೇಗೆ ಸುಧಾರಿಸಬೇಕೆಂದು ವಕೀಲರು ಅಭಿಪ್ರಾಯ ಬರೆದು ಕಳಿಸಬೇಕು ಎಂದು. ನಾನು ನೇರವಾಗಿ ಬೇವಿನ ಮರದ ಕೆಳಗೆ ಹೋಗಿ ಕೂತೆ. ಅವತ್ತು ಮೊದಲ ಬಾರಿಗೆ ಸಾಹೇಬರು ಹೇಳಿದರು, ನಾನು ಬರೆದೆ. ಅವರು ಒಂದೊಂದು ಮಾತಿಗೂ ಕಣ್ಣು ಮುಚ್ಚಿ ಯೋಚಿಸುತ್ತಿದ್ದರು. ಒಟ್ಟು ಏಳು ಮಾತಾದವು.

ವಕೀಲರ ಕೋಣೆಯಲ್ಲಿ ಅದನ್ನು ಓದಿದೆ. ಎರಡನೆಯದಕ್ಕೇ ಹಿರಿಯ ವಕೀಲರೊಬ್ಬರು ತಡೆದರು. "ಅರ್ಜಿ ಬರೆಯೋ ಸಾಬ್ರ ಮಾತು ಕೇಳ್ಕಂಡು ಸರ್ಕಾರಕ್ಕೆ ಬುದ್ಧಿ ಹೇಳಾಕೆ ಹೊಂಟೀಯೇನಪ್ಪ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಇವತ್ತಿಗೂ ನನ್ನ ಬಾಯಲ್ಲಿ ಕಹಿಯಾಗಿದೆ. ಕೊನೆಗೆ ನಾವು ಕಳಿಸಿದ್ದು ಇಷ್ಟೇ: ವಕೀಲರ ಕೋಣೆಗೆ ಹೊಸ ಕುರ್ಚಿಗಳು ಬೇಕು, ಲಂಡನ್ನಿನ ತೀರ್ಪುಗಳ ಪುಸ್ತಕಗಳು ಬೇಕು.

ಸಂಜೆ ಸಾಹೇಬರು ಮೇಜು ಎತ್ತಿಡುತ್ತ ಕೇಳಿದರು: "ಕಳಿಸಿದ್ರೇನ್ರಿ?"

"ಕಳಿಸಿದೆ" ಎಂದೆ.

ಅವರ ಮುಖ ಅರಳಿತು. ಅಂದಿನಿಂದ ಟಪಾಲು ಬರುವ ಹೊತ್ತಿಗೆ ನಾನು ಕಂಡರೆ ಸಾಕು, "ಬೆಂಗಳೂರಿಂದ ಏನಾರ ಬಂತಾ?" ಎನ್ನುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. "ಓದಾಕೆ ಟೈಮ್ ಬೇಕಲ್ರಿ, ದೊಡ್ಡೋರು" ಎಂದು ನನಗೇ ಸಮಾಧಾನ ಹೇಳುತ್ತಿದ್ದರು. ಎರಡು ವರ್ಷ ಹೀಗೆ ಕೇಳಿದರು. ನಿಜ ಹೇಳಬೇಕೆಂದು ಎಷ್ಟೋ ಸಲ ಮರದವರೆಗೂ ಹೋಗಿ ವಾಪಸ್ಸು ಬಂದೆ. ಒಂದು ಸೋಮವಾರ ಚಾಪೆ ಹಾಸಿರಲಿಲ್ಲ. ಸಂತೇಬೆನ್ನೂರಿನಲ್ಲಿ ಅವರ ಮಣ್ಣು ಕೂಡ ಆಗಿತ್ತು...

ನಾನು ವಕೀಲಿ ಬಿಟ್ಟು ಬಹಳ ಕಾಲವಾಯಿತು. ಈಗ ನಮ್ಮ ಕಡೆಯೂ ಕಾನೂನು ಕಾಲೇಜುಗಳು ಬಂದಿವೆ, ತೀರ್ಪುಗಳು ಮಾತ್ರ ಇನ್ನೂ ಇಂಗ್ಲಿಷಿನಲ್ಲೇ, ನಿಂತವರ ತಲೆಯ ಮೇಲೆ ಹಾದುಹೋಗುತ್ತವೆ. ಅವತ್ತು ಬರೆದ ಹಾಳೆಯನ್ನು ನಾನು ಇಟ್ಟುಕೊಳ್ಳಲಿಲ್ಲ. ಇದನ್ನು ಬರೆಯುವ ಮುನ್ನ ಆ ಏಳು ಮಾತುಗಳನ್ನು ನೆನಪಿಸಿಕೊಳ್ಳಲು ಕೂತೆ. ದಾವೆ ಹಾಕುವ ಮುನ್ನ ವಕೀಲ ಸ್ಥಳ ನೋಡಬೇಕು. ತೀರ್ಪನ್ನು ಕಕ್ಷಿಗಾರನ ಭಾಷೆಯಲ್ಲಿ ಹೇಳಬೇಕು. ಕಾನೂನು ಓದುವವನು ಒಂದು ವರ್ಷ ತಾಲ್ಲೂಕು ಕೋರ್ಟಿನ ಅಂಗಳದಲ್ಲಿ ಕೂರಬೇಕು. ಕೈತಪ್ಪಿನಿಂದ ಕಾಗದದಲ್ಲಾದ ತಪ್ಪನ್ನು ತಿದ್ದಲು ತಡ ಎನ್ನಬಾರದು. ನಾಲ್ಕೇ ಆದವು. ಉಳಿದ ಮೂರು ಬರಲಿಲ್ಲ. ಅವನ್ನು ಬಲ್ಲವರು ಒಬ್ಬರೇ ಇದ್ದರು.